ಬೆರಳುದ್ದದ ಬಡಾಯಿ

ಮಾಯಾವಿನಿಯರ ಗೆಳೆತನ ಎಷ್ಟು ಜನಕ್ಕೆ ಸಿಕ್ಕಿದೆಯೋ ಗೊತ್ತಿಲ್ಲ. ನನಗೆ ಸಿಕ್ಕಂಥ ದಂಡದ ಮಾಯಾವಿನಿ ಮಾತ್ರ ಇನ್ನಾರಿಗೂ ಸಿಕ್ಕಿರಲಾರಳು! ಎತ್ತರ ನನ್ನ ನಡುಬೆರಳಿನಷ್ಟು, ಬಡಾಯಿ ಗಜೇಂದ್ರಗಡದ ಗುಡ್ಡದಷ್ಟು.

ನಾನಾಗ ಒಂಬತ್ತನೆಯ ತರಗತಿ. ರೋಣದ ನಮ್ಮ ಬಳೆ ಅಂಗಡಿಯಲ್ಲಿ ಹೊಸ ಡಬ್ಬಿ ಬಿಚ್ಚಿದರೆ, ಹಸಿರು ಬಳೆಗಳ ನಡುವೆ ಕಾಲು ಚಾಚಿ ಕುಳಿತಿದ್ದಳು.

"ಯಾರ ನೀನು?" ಎಂದೆ.

"'ರೀ' ಹಚ್ಚಿ ಮಾತಾಡು! ಗಜೇಂದ್ರಗಡದಾಗ ನನ್ನ ಅರಮನಿ ಐತಿ. ಆಳುಗೋಳು ಎಷ್ಟ ಅದಾರಂತ ನನಗ ಗೊತ್ತಿಲ್ಲ."

ಅಂಥ ಅರಮನೆ ಬಿಟ್ಟು ಬಳೆ ಡಬ್ಬಿಯಲ್ಲಿ ಏಕೆ ಬಿದ್ದುಕೊಂಡಿದ್ದೀರಿ ಎಂದು ಕೇಳಬಾರದೇ ನಾನು? ಕೇಳಲಿಲ್ಲ. ಅವಳು ಉಳಿದೇಬಿಟ್ಟಳು. ರೊಟ್ಟಿಯ ಚೂರು ಕೊಟ್ಟರೆ, "ನಮ್ಮ ಅಡಗಿಯಾಕಿ ಇದಕ್ಕಿಂತ ತೆಳ್ಳಗ ಬಡೀತಾಳ" ಎಂದು ಮೂಗು ಮುರಿಯುವಳು. ಚೂರು ಮಾತ್ರ ಚೊಕ್ಕಟವಾಗಿ ಮುಗಿಸುವಳು!

ಮಂತ್ರ ಬರುತ್ತಿತ್ತೇ? ಯಾಕಿಲ್ಲ! ಅಮ್ಮಿಯ ನೆಗಡಿ ಓಡಿಸುತ್ತೇನೆಂದು ಊದಿದಳು; ಅದು ಮನೆಮಂದಿಗೆಲ್ಲ ಹಬ್ಬಿತು. ಗಣಿತದ ಪರೀಕ್ಷೆಗೆ ನನ್ನ ಕಂಪಾಸು ಡಬ್ಬಿಯಲ್ಲಿ ಬಂದು ಉತ್ತರ ಪಿಸುಗುಟ್ಟಿದಳು. ಒಂದೂ ಸರಿಯಿಲ್ಲ!

"ನೀವು ಹೇಳಿದ್ದು ಬರದು ಫೇಲಾದ್ನಿ!" ಎಂದು ಕೂಗಿದೆ.

"ಪ್ರಶ್ನೀನ ತಪ್ಪಿದ್ವು," ಎಂದಳು.

"ನಿಮ್ಮ ಮಂತ್ರಾ ಸುಳ್ಳ. ಅರಮನೀನೂ ಸುಳ್ಳ ಇರಬೇಕ, ತಗೀರಿ!"

ಅವಳ ಮುಖ ಕೆಂಪಾಯಿತು. "ಸಾಕಾತು. ನನ್ನ ಅರಮನಿಗೆ ಬಿಟ್ಟು ಬಾ."

ಬಿಡದೆ ಇರುತ್ತೇನೆಯೇ? ಭಾನುವಾರವೇ ಅವಳನ್ನು ಡಬ್ಬಿಯಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿದೆ. ಹೇಗಾದರೂ ಅವಳ ಬಂಡವಾಳ ಬಯಲು ಮಾಡಬೇಕು! ದಾರಿಯುದ್ದಕ್ಕೂ ಅರಮನೆಯ ಕಂಬಗಳನ್ನು ಹೊಗಳುತ್ತ ಬಂದವಳು, ಗುಡ್ಡ ಕಂಡದ್ದೇ ಗಪ್ಪಾದಳು.

"ಇಲ್ಲೇ ಬಿಡು. ಮುಂದ ನಾ ಹೊಕ್ಕೀನಿ."

"ಖರೇ ಅರಮನಿ ಇದ್ರ ತೋರಸ್ರಿ."

ಬೇರೆ ದಾರಿಯಿಲ್ಲದೆ ನಡೆದಳು. ಕೋಟೆಯ ಮೆಟ್ಟಿಲ ಪಕ್ಕದಲ್ಲಿ ಒಂದು ಕಲ್ಲಿನ ಬಿರುಕಿನ ಮುಂದೆ ನಿಂತಳು. ಬಗ್ಗಿ ನೋಡಿದೆ. ಕಂಬವಿಲ್ಲ, ಆಳಿಲ್ಲ. ನೆಲಕ್ಕೆ ಹಾಸಿದ ಒಂದು ಹಳೆಯ ಬಸ್ ಟಿಕೀಟು, ಅಷ್ಟೇ.

ನಗಬೇಕೆಂದೇ ಬಂದಿದ್ದೆ, ಫೋಟೊ ತೆಗೆಯಲು ಮೊಬೈಲನ್ನೂ ಹಿಡಿದಿದ್ದೆ. ಅವಳು ತಲೆ ಎತ್ತಲಿಲ್ಲ. ಮೊಬೈಲನ್ನು ಚೀಲಕ್ಕೆ ಹಾಕಿದೆ.

"ಮನಿತನಕಾ ಬಂದೀನಿ. ಒಳಗ ಕರಿಯಂಗಿಲ್ಲೇನ್ರಿ?"

"ಎಲ್ಲಿ ಕೂಡ್ತಿ ನೀನು?" ಎಂದಳು. ದನಿ ಒದ್ದೆಯಾಗಿತ್ತು.

ಕಿರುಬೆರಳನ್ನು ಬಿರುಕಿನೊಳಗೆ ಚಾಚಿದೆ. ಅವಳು ಓಡಿಹೋಗಿ ಸೆರಗಿನಿಂದ ಟಿಕೀಟಿನ ಧೂಳು ಒರೆಸಿದಳು. ಆಮೇಲೆ ನನ್ನ ಬೆರಳನ್ನು ಎರಡೂ ಕೈಗಳಿಂದ ಹಿಡಿದು, ಟಿಕೀಟಿನ ಮೇಲೆ ಮೆಲ್ಲಗೆ ಕೂರಿಸಿದಳು.