ಮಾವನ ಹೆಡ್‌ಫೋನು, ಅತ್ತೆಯ ಡಬ್ಬಿ

ಕಂಪ್ಯೂಟರಿಗೆ ಒಂದೇ ಬಾಯಿ ಇದ್ದಿದ್ದರೆ ನನ್ನ ಅರ್ಧ ಆಯುಷ್ಯ ಉಳಿಯುತ್ತಿತ್ತು. ಮಾನಿಟರಿನದೊಂದು, ಹೆಡ್‌ಫೋನಿನದೊಂದು, ಬ್ಲೂಟೂತಿನದೊಂದು ಅಂತ ಸದ್ದು ಹೊರಡಿಸಲು ಅದಕ್ಕೆ ಮೂರು ಬಾಯಿ. ವಿಂಡೋಸ್ ಬದಲು ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಯಾವ ಬಾಯಿಂದ ಮಾತಾಡಬೇಕು ಅಂತ ಮೊದಲೇ ಗೊತ್ತುಮಾಡಿಡಬೇಕು. ಇಲ್ಲದಿದ್ದರೆ ತನಗೆ ತೋಚಿದ ಕಡೆ ಬಾಯಿ ಬಿಡುತ್ತದೆ. ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಹಾಗಾಗಿ ಅದು ಎಲ್ಲಿ ಬಾಯಿ ಬಿಟ್ಟರೂ ಬೈಸಿಕೊಳ್ಳುವವಳು ನಾನೇ.

೧. ತಡವಾಗಿ ಬಂದ ಅಧ್ಯಕ್ಷರು

ಲ್ಯಾಬಿನಲ್ಲಿ ಹುಡುಗಿಯರಿಗೆ ಇಂಗ್ಲಿಷ್ ಮಾತಾಡುವ ಪಾಠ ಹಾಕಿದ್ದೆ. ಸದ್ದೇ ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿದೆ. ಆಗಲೂ ಇಲ್ಲ. ಸದ್ದೆಲ್ಲ ಬ್ಲೂಟೂತ್ ಹಿಡಿದು ಪಕ್ಕದ ಸಭಾಂಗಣದ ದೊಡ್ಡ ಸ್ಪೀಕರಿಗೆ ಹೋಗುತ್ತಿತ್ತು ಅಂತ ನನಗೇನು ಗೊತ್ತು? ಅಲ್ಲಿ ಆಡಳಿತ ಮಂಡಳಿಯವರು ಅರ್ಧ ಗಂಟೆಯಿಂದ ಅಧ್ಯಕ್ಷರಿಗಾಗಿ ಕಾಯುತ್ತಿದ್ದರು. ಅಧ್ಯಕ್ಷರು ಒಳಗೆ ಕಾಲಿಟ್ಟಿದ್ದೇ ಪಾಠದ ಹೆಂಗಸು ಸ್ಪೀಕರಿನಿಂದ, "ಐ ಆಮ್ ಸಾರಿ, ಐ ಆಮ್ ಲೇಟ್. ರಿಪೀಟ್ ಆಫ್ಟರ್ ಮಿ," ಅಂದಳಂತೆ.

ಅಟೆಂಡರ್ ಏದುಸಿರು ಬಿಡುತ್ತ ಬಂದ. "ಮೇಡಂ, ಅಧ್ಯಕ್ಷರು ಎರಡು ಸಲ ಹೇಳಿದ್ರು. ಇನ್ನೂ ಹೇಳಬೇಕೋ, ಕೂಡ್ರಬೇಕೋ ಅಂತ ಕೇಳ್ತಿದಾರ್ರಿ."

೨. ನಮ್ಮನೆಯ ಡೀಫಾಲ್ಟ್

ಮನೆಯಲ್ಲಿ ನನ್ನ ಮಾವನ ಕಂಪ್ಯೂಟರಿಗೂ ಲಿನಕ್ಸೇ. ಹರಿಹರದ ಕಾರ್ಖಾನೆಯಲ್ಲಿ ಮಷೀನುಗಳ ನಡುವೆ ದುಡಿದು ಮಾವನ ಕಿವಿ ಮಂದ. ಕಿವಿಗೆ ಯಂತ್ರ ಹಾಕಿಸೋಣ ಅಂದರೆ, "ಬ್ಯಾಡ, ಅದು ಮುದುಕರಿಗೆ," ಅನ್ನುತ್ತಾರೆ. ಅವರಿಗೆ ಎಪ್ಪತ್ತಾರು. ಹೆಡ್‌ಫೋನ್ ಮಾತ್ರ ಆಗುತ್ತದೆ. ಅದು ಹುಡುಗರು ಹಾಕಿಕೊಳ್ಳುವುದಂತೆ.

ಪ್ರತಿ ಭಾನುವಾರ ಹನ್ನೊಂದಕ್ಕೆ ಹರಿಹರದಿಂದ ಅವರ ಗೆಳೆಯರೊಬ್ಬರ ವಿಡಿಯೋ ಕರೆ ಬರುತ್ತಿತ್ತು. ಕಾರ್ಖಾನೆಯಲ್ಲಿ ಪಕ್ಕದ ಮಷೀನಿನಲ್ಲಿ ನಿಂತವರು. ಮೂರು ತಿಂಗಳ ಹಿಂದೆ ಒಂದು ಮದುವೆಯ ಪಂಕ್ತಿಯಲ್ಲಿ ಆ ಗೆಳೆಯರು, "ಲೇ, ಕಿವಿಗೆ ಮಷೀನ್ ಹಾಕಿಸ್ಕೊಳ್ಳೋ!" ಅಂತ ಬಡಿಸುವವರೂ ನಿಂತು ನೋಡುವ ಹಾಗೆ ಕೂಗಿದರು. ಅಂದಿನಿಂದ ಮಾತು ಬಂದ್. ಆದರೂ ಭಾನುವಾರ ಹನ್ನೊಂದಕ್ಕೆ ಮಾವ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದರು. ಯಾಕೆ ಅಂದರೆ, "ಸುಮ್ನೆ. ಕೆಲಸ ಮಾಡ್ತೈತೋ ಇಲ್ಲೋ ನೋಡ್ತೀನಿ."

ಅವರಿಗಾಗಿಯೇ ಹೆಡ್‌ಫೋನನ್ನು ಡೀಫಾಲ್ಟ್ ಮಾಡಿಟ್ಟೆ.

"ಹಂಗಂದ್ರೇನು?" ಅಂದರು ಅತ್ತೆ.

"ಯಾರೂ ಏನೂ ಹೇಳದಿದ್ರೆ ತಾನಾಗೇ ಎಲ್ಲಿಗೆ ಹೋಗುತ್ತೋ ಅದು."

ಅಷ್ಟರಲ್ಲಿ ಮಾವ ಹಾಲಿನಿಂದ, "ಲೇ ಇವಳೇ, ನನ್ನ ಕನ್ನಡಕ ಎಲ್ಲೈತೆ?" ಅಂತ ಕೂಗಿದರು.

"ತಿಳೀತು ಬಿಡವ್ವಾ," ಅಂದರು ಅತ್ತೆ, "ಈ ಮನಿಗೆ ಡೀಫಾಲ್ಟ್ ನಾನು."

೩. ಹೂಂ, ಹೂಂ

ಅತ್ತೆಗೆ ಅಡಿಗೆ ಮನೆಯಲ್ಲಿ ವಚನ ಕೇಳಲು ಒಂದು ಬ್ಲೂಟೂತ್ ಡಬ್ಬಿ ಇದೆ. ಹಿಂದೊಮ್ಮೆ ಅದನ್ನು ಮಾವನ ಕಂಪ್ಯೂಟರಿಗೂ ಜೋಡಿಸಿದವಳು ನಾನೇ. ಒಂದು ಭಾನುವಾರ ಅತ್ತೆ ಡಬ್ಬಿ ಚಾಲೂ ಮಾಡಿದರು. ನಾನು ಪಕ್ಕದಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಡಬ್ಬಿಯಿಂದ ವಚನದ ಬದಲು ಹರಿಹರದ ಗೆಳೆಯರ ದನಿ ಬಂತು:

"ಲೇ, ಅವತ್ತು ಮದುವಿ ಮನ್ಯಾಗ ನಂದು ತಪ್ಪಾತು. ನಾ ಮೆಲ್ಲಕೇ ಹೇಳೀನಿ ಅಂದ್ಕೊಂಡಿದ್ದೆ. ನನ್ ಕಿವಿನೂ ಹೋಗೈತೆ ಅಂತ ಆಮೇಲೆ ಗೊತ್ತಾತು. ನಾನೂ ಮಷೀನ್ ಹಾಕಿಸ್ಕೊಂಡೀನಿ ನೋಡಿಲ್ಲಿ."

ಕಂಪ್ಯೂಟರಿನ ಸದ್ದು ಡಬ್ಬಿ ಕಂಡು ಹೆಡ್‌ಫೋನ್ ಬಿಟ್ಟು ಓಡಿಬಂದಿತ್ತು! ಸರಿಮಾಡಲು ಎದ್ದೆ. ಅತ್ತೆ ನನ್ನ ಕೈ ಹಿಡಿದು ಕೂರಿಸಿದರು. "ತಡಿ, ಪೂರ್ತಿ ಹೇಳ್ಲಿ."

"ಬುಧವಾರ ಬರ್ತೀನಿ. ನನ್ ಕೂಡ ಬಂದು ನೀನೂ ಹಾಕಿಸ್ಕೊಂತೀಯಾ?" ಅಂತು ಡಬ್ಬಿ.

ಹಾಲಿನಿಂದ ಮಾವನ ದನಿ ಬಂತು: "ಹೂಂ, ಹೂಂ."

ಓಡಿ ಹೋಗಿ ನೋಡಿದರೆ ಮಾವ ಹೆಡ್‌ಫೋನ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಖ ಇಷ್ಟೇ ಇಷ್ಟಾಗಿತ್ತು.

"ನನ್ ಕಿವಿ ಪೂರಾ ಹೋತವ್ವಾ. ಒಂದಕ್ಷರ ಕೇಳ್ಲಿಲ್ಲ. ಅವನು ಕಿವಿ ತೋರಿಸ್ದ, ಆಮೇಲೆ ಕೈ ಮುಗ್ದ. ನಿನ್ನ ಸಹವಾಸ ಸಾಕು ಅಂದ್ನೇನು? ನಾನು ಅದಕ್ಕೂ ಹೂಂ ಅಂದ್ಬಿಟ್ಟೆ."

ಸದ್ದು ಅಡಿಗೆ ಮನೆಗೆ ಹೋದದ್ದನ್ನು ಕೂಗಿ ವಿವರಿಸಿದೆ.

"ಹಂಗಾರೆ ನನ್ ಕಿವಿ?"

"ಎಷ್ಟಿತ್ತೋ ಅಷ್ಟೇ ಐತೆ ಮಾವ."

ಅವರ ಮುಖ ಅರಳಿತು. "ಮತ್ತೆ ಅವನು ಏನಂದ?"

ಅತ್ತೆ ಸೌಟು ಹಿಡಿದೇ ಬಂದು ಎದುರು ನಿಂತು, "ಲೇ, ಅವತ್ತು ಮದುವಿ ಮನ್ಯಾಗ..." ಅಂತ ಶುರುಮಾಡಿದರು. ಗಂಡನಿಗೆ ಜನ್ಮದಲ್ಲಿ ಏಕವಚನ ಆಡಿದವರಲ್ಲ. ಮಾವ ಬೆಚ್ಚಿದರು. "ಇದ್ದದ್ದು ಇದ್ದಂಗೆ ಹೇಳಬೇಕಲ್ರಿ," ಅಂತ ಅತ್ತೆ ಇನ್ನೆರಡು ಸಲ 'ಲೇ' ಅಂದರು.

ಹೂಂ ಅಂದಾಗಿತ್ತು. ಗೆಳೆಯರು ಬುಧವಾರ ಬಂದೇ ಬಿಟ್ಟರು. ಇಬ್ಬರೂ ಹೋಗಿ ಮಾವನ ಕಿವಿಗೂ ಯಂತ್ರ ಹಾಕಿಸಿಕೊಂಡು ಬಂದು, ಹಾಲಿನಲ್ಲಿ ಜೋಡಿಯಾಗಿ ಮಂಡಕ್ಕಿ ತಿನ್ನುತ್ತ ಕೂತರು. ಅತ್ತೆ ಒಳಗೆ ಚಹಾಕ್ಕಿಟ್ಟು ಎಂದಿನಂತೆ ಗಂಡನ ಮೇಲೆ ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಮಾವ ತಟ್ಟನೆ ಎದ್ದು ಅಡಿಗೆ ಮನೆಯ ಬಾಗಿಲಿಗೆ ಬಂದು ನಿಂತರು.

"ಏನೇ, ಇಷ್ಟು ವರ್ಷ ಒಳಗೆ ನಿಂತು ಇದನ್ನೇ ಅಂತಿದ್ದೇನು ನೀನು?"

ಅತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡು ನನ್ನ ಕಿವಿಯಲ್ಲಿ ಅಂದರು:

"ಅದೇನೋ ಸೆಟ್ಟಿಂಗ್ ಐತಲ್ಲವ್ವಾ... ಅವರ ಕಿವಿಗೆ ಹೋಗೋ ಸದ್ದೂ ಈ ಡಬ್ಬಿಗೇ ಹಾಕಿಬಿಡು."