ಅತ್ತೆಯರನ್ನು ಅದಲುಬದಲು ಮಾಡಿಸಿದ ಯಂತ್ರಕ್ಕೆ

ಕಲ್ಯಾಣ ಕಚೇರಿಯ ಬಾಗಿಲಲ್ಲಿ ಊಟ-ನಿದ್ದೆ ಬಿಟ್ಟು ನಿಂತು, ನಮ್ಮ ಹಣೆಬರಹವನ್ನು ಚೀಟಿಯಲ್ಲಿ ಮುದ್ರಿಸಿಕೊಡುತ್ತಿರುವ ಮಾನ್ಯ ಯಂತ್ರ ಮಹಾಶಯರೇ,

ತಮ್ಮ ಗಾಜಿನ ಮುಖಾರವಿಂದಕ್ಕೆ ನನ್ನ ತೋರುಬೆರಳಿನ ನಮಸ್ಕಾರಗಳು. ಇಳಿವಯಸ್ಸಿಗೆ ನನ್ನದೇ ಹೆಸರಿನಲ್ಲೊಂದು ಪಿಂಚಣಿ ಇರಲಿ ಎಂಬ ಅತಿಯಾಸೆಯಿಂದ ತಮ್ಮ ಸನ್ನಿಧಿಗೆ ಬಂದು, ಹಾಸಿಗೆ ಹಿಡಿದ ಅತ್ತೆಯನ್ನು ಎತ್ತಿ, ಒರೆಸಿ, ಉಣಿಸಿ, ಬೈಸಿಕೊಳ್ಳುವುದೇ ನನ್ನ ಉದ್ಯೋಗವೆಂದು ಅರಿಕೆ ಮಾಡಿಕೊಂಡಾಗ, ತಾವು ‘ಕೆಲಸವಿಲ್ಲ, ಗಂಡನ ಆಶ್ರಿತೆ’ ಎಂಬ ಚೀಟಿ ದಯಪಾಲಿಸಿದಿರಿ. ಸೊಂಟ ಬಿದ್ದುಹೋಗುವಷ್ಟು ಬಿಡುವಾಗಿದ್ದೇನೆಂದು ನನಗೆ ಅಂದೇ ತಿಳಿದದ್ದು.

ಕೆಳಮನೆಯಾಕೆ ಪಕ್ಕದ ದೇಶದವಳು. ಇಲ್ಲಿಯವನನ್ನು ಮದುವೆಯಾಗಿ ಬಂದು, ನನ್ನ ಹಾಗೆಯೇ ಅತ್ತೆಯ ಸೇವೆಗೆ ನಿಂತವಳು. ಚೀಟಿ ನೋಡಿ, “ನಮ್ ದೇಶದಲ್ಲಿ ಇದಕ್ಕೆ ಪಿಂಚಣಿ ಕೊಡ್ತಾರೆ ಅಕ್ಕಾ, ನಿಮ್ಮಲ್ಲಿ ಬರೀ ಪುಣ್ಯಾನಾ?” ಎಂದಳು. ದಾದಿಯನ್ನಿಟ್ಟುಕೊಳ್ಳಬಲ್ಲ ಉಳ್ಳವರ ಅತ್ತೆಯನ್ನು ನೋಡಿಕೊಂಡರೆ ಕೆಲಸ, ನಮ್ಮಂಥವರು ನಮ್ಮತ್ತೆಯನ್ನು ನೋಡಿಕೊಂಡರೆ ಕರ್ತವ್ಯ ಎಂಬ ತಮ್ಮ ನಿಯಮದ ಮರ್ಮ ಆಗ ಹೊಳೆಯಿತು. ಅಂದೇ ನಾವಿಬ್ಬರೂ ಒಬ್ಬರ ಅತ್ತೆಗೆ ಇನ್ನೊಬ್ಬರನ್ನು ದಾದಿಯಾಗಿ ನೇಮಿಸಿಕೊಂಡೆವು. ಅಂದಿನಿಂದ ಬೆಳಗಾದರೆ ನಾನು ಕೆಳಗಿಳಿದು ಅವಳ ಅತ್ತೆಗೆ ಗುಳಿಗೆ ನುಂಗಿಸುತ್ತೇನೆ, ಅವಳು ಮೇಲೆ ಹತ್ತಿ ನನ್ನ ಅತ್ತೆಯ ಬೆನ್ನು ಉಜ್ಜುತ್ತಾಳೆ. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಆಫೀಸಿನವರಂತೆ ಗಂಭೀರವಾಗಿ ತಲೆಯಾಡಿಸುತ್ತೇವೆ. “ಅವಳು ನಿನ್ ಥರ ಮುಖ ಗಂಟಿಕ್ಕಲ್ಲ ಕಣೇ” ಎಂದು ನಮ್ಮತ್ತೆಗೂ ಪರಮಾನಂದ. ಅಡುಗೆಯೂ ಲೆಕ್ಕಕ್ಕೆ ಬರಬೇಕಾದರೆ ಗಂಡಂದಿರನ್ನೂ ಅದಲುಬದಲು ಮಾಡಬೇಕೇನೋ ಎಂದು ನಾನಂದದ್ದು ಕಿವಿಗೆ ಬಿದ್ದದ್ದೇ ತಡ, ನಮ್ಮವರು ತಾವಾಗಿಯೇ ಪಾತ್ರೆ ತೊಳೆಯತೊಡಗಿದ್ದಾರೆ.

ತಮ್ಮ ನ್ಯಾಯವನ್ನು ಎಷ್ಟು ಹೊಗಳಿದರೂ ಸಾಲದು! ಇಬ್ಬರೂ ಮತ್ತೆ ತಮ್ಮ ಸನ್ನಿಧಿಗೆ ಬಂದಾಗ ನನಗೆ ‘ಕಾರ್ಮಿಕೆ’ ಎಂಬ ಚೀಟಿ ಬಂತು. ಅದೇ ಕೆಲಸಕ್ಕೆ ಅವಳಿಗೆ ಬಂದದ್ದು ‘ಪ್ರವಾಸಿ’. ಇನ್ನೊಬ್ಬರ ಅತ್ತೆಯ ಬೆಡ್‌ಪ್ಯಾನ್ ತೊಳೆಯುವುದನ್ನು ಪ್ರವಾಸವೆಂದು ಕರೆದ ತಮ್ಮ ರಸಿಕತೆಗೆ ಶರಣು. ಅವಳು ಮೊದಲು ಬಿದ್ದು ಬಿದ್ದು ನಕ್ಕಳು, ಆಮೇಲೆ ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದಕಾರಣ ದಯಮಾಡಿ ಅವಳ ಚೀಟಿಯನ್ನು ತಿದ್ದಿಕೊಡಿ; ಅದಾಗದಿದ್ದರೆ ಪ್ರವಾಸಿಗೆ ತಕ್ಕಂತೆ ನಮ್ಮತ್ತೆಯ ಕೋಣೆಯ ಕಿಟಕಿಯಾಚೆ ಒಂದು ಸಮುದ್ರವನ್ನಾದರೂ ಮಂಜೂರು ಮಾಡಿ.

ಇಂತು, ಅತ್ತೆ ಬದಲಾದರೂ ಸೊಂಟನೋವು ಬದಲಾಗದ
ತಮ್ಮ ವಿಶ್ವಾಸಿ,
ಮೇಲ್ಮನೆಯ ಕಾರ್ಮಿಕೆ

ಮರೆತ ಮಾತು: ನಾಳೆ ಬೆಳಿಗ್ಗೆ ಇಬ್ಬರೂ ಅತ್ತೆಯರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬರುತ್ತೇವೆ, ಅವಳ ಚೀಟಿ ಸರಿಯಾಗುವ ತನಕ ಅವರು ತಮ್ಮ ಬಳಿಯೇ ಇರಲಿ. ಎತ್ತಬೇಕು, ಒರೆಸಬೇಕು, ಉಣಿಸಬೇಕು, ಕರೆದಾಗಲೆಲ್ಲ ಓಗೊಡಬೇಕು. ಗಾಬರಿಯಾಗಬೇಡಿ, ಅದೇನೂ ಕೆಲಸವಲ್ಲ.