ಬಿ.ಎ. ಮೇಲೆ ಚಿಕ್ಕಪ್ಪನ ದಾಳಿ

ನಮ್ಮ ಚಿಕ್ಕಪ್ಪನಷ್ಟು ಅರ್ಜಿ ಬರೆಸಿದ ಮನುಷ್ಯ ಮೂಡಿಗೆರೆ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಪ್ರಮಾಣ ಮಾಡಬಲ್ಲೆ. ಬರೆಸಿದವರು ಅವರು, ಬರೆದವಳು ನಾನು. ಮೂರು ವರ್ಷಗಳಲ್ಲಿ ಒಟ್ಟು ಇಪ್ಪತ್ಮೂರು. ಪ್ರತಿಯೊಂದರ ತಾರೀಕು, ವಿಷಯ, ಬಂದ ಉತ್ತರ, ಬಾರದ ಉತ್ತರ ಎಲ್ಲವೂ ನನ್ನ ಡೈರಿಯಲ್ಲಿವೆ. ಸಾರಾಂಶ ಮಾತ್ರ ಒಂದೇ: ‘ನಾನು ಹದಿನೇಳು ವರ್ಷ ಸೈನ್ಯದಲ್ಲಿದ್ದೆ, ಆದ್ದರಿಂದ ಮೂರು ವರ್ಷದ ಬಿ.ಎ.ಯನ್ನು ನನಗೆ ಆರು ತಿಂಗಳಲ್ಲಿ ಕೊಡತಕ್ಕದ್ದು!’

ಕೊನೆಯಲ್ಲಿ ‘ವಿನಂತಿ’ ಎಂದು ಸೇರಿಸೋಣವೆಂದರೆ ಗುಡುಗುತ್ತಿದ್ದರು. “ಹವಾಲ್ದಾರ್ ವಿನಂತಿ ಮಾಡಲ್ಲ ಕ್ಲರ್ಕ್, ರಿಪೋರ್ಟ್ ಮಾಡ್ತಾನೆ!”

ಕ್ಲರ್ಕ್ ಎಂದರೆ ನಾನು. ಈ ನೌಕರಿಗೆ ನಾನು ಸಿಕ್ಕಿಬಿದ್ದದ್ದು ಹೀಗೆ. ಅಪ್ಪ ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ಬರೆಯುವವರು. ನನ್ನ ಪಿಯುಸಿ ಮುಗಿದಾಗ, ಹೆಣ್ಣುಮಗು ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿರುವುದು ಬೇಡ ಎಂದುಬಿಟ್ಟರು. ಅಂಚೆಯಲ್ಲಿ ಓದುತ್ತೇನೆಂದರೆ, “ಪರೀಕ್ಷೆಗೆ ಯಾರ ಜೊತೆ ಹೋಗ್ತೀಯ? ನಂಗೆ ರಜೆ ಸಿಗಲ್ಲ” ಎಂದರು. ಆಗತಾನೇ ನಿವೃತ್ತರಾಗಿ ಬಂದು ನಮ್ಮ ಜಗಲಿಯಲ್ಲಿ ಟ್ರಂಕು ಇಳಿಸಿದ್ದ ಚಿಕ್ಕಪ್ಪ, “ನಾನೂ ಬಿ.ಎ. ಕಟ್ತೀನಿ ಅಣ್ಣ. ಗುಮಾಸ್ತೆ ಕೆಲಸಕ್ಕೂ ಈಗ ಡಿಗ್ರಿ ಕೇಳ್ತಾರೆ. ಇಬ್ಬರೂ ಒಟ್ಟಿಗೆ ಹೋಗಿ ಬರ್ತೀವಿ” ಎಂದರು. ಅಪ್ಪ ಒಪ್ಪಿದರು. ಆದರೆ ಷರತ್ತು ಸ್ಪಷ್ಟವಾಗಿತ್ತು: ಚಿಕ್ಕಪ್ಪ ಓದುವವರೆಗೆ ನಾನೂ ಓದಬಹುದು. ಅವರು ನಿಲ್ಲಿಸಿದ ದಿನ ನನ್ನದೂ ಬಂದ್!

ಈಗ ನನ್ನ ಪಾಡು ನೋಡಿ. ಅವರ ಅರ್ಜಿ ಎಲ್ಲಾದರೂ ಮಂಜೂರಾಗಿ, ಆರೇ ತಿಂಗಳಲ್ಲಿ ಅವರು ಪದವೀಧರರಾದರೆ ನನ್ನ ಗತಿ? ನನ್ನ ಓದಿಗೆ ಕಲ್ಲು ಹಾಕುವ ಅರ್ಜಿಯನ್ನು ನಾನೇ, ನನ್ನದೇ ದುಂಡು ಅಕ್ಷರದಲ್ಲಿ ಬರೆಯಬೇಕು!

ಮೊದಲನೆಯ ಅರ್ಜಿ ವಿಶ್ವವಿದ್ಯಾಲಯಕ್ಕೆ, ಜುಲೈ ಎಂಟು, ಸೋಮವಾರ. ಜಡಿಮಳೆ. ಚಿಕ್ಕಪ್ಪ ಕಂಬಳಿ ಹೊದ್ದು ಡಿಕ್ಟೇಷನ್ ಕೊಟ್ಟರು.

“ಬರಿ. ಭೂಗೋಳ: ರಾಜಸ್ಥಾನದ ಮರಳಿಂದ ನಾಗಾಲ್ಯಾಂಡಿನ ಕೆಸರಿನ ತನಕ ಕಾಲಲ್ಲೇ ನಡೆದಿದೀನಿ. ಆದ್ದರಿಂದ ಪರೀಕ್ಷೆ ಬೇಡ. ಹಿಂದಿ: ಹದಿನೇಳು ವರ್ಷ ಬೈಸಿಕೊಂಡಿದೀನಿ, ಆಮೇಲೆ ಬೈದಿದೀನಿ. ಬೇಡ. ಇತಿಹಾಸ: ಎಪ್ಪತ್ತೊಂದರ ಯುದ್ಧದಲ್ಲಿ ನಾನೇ ಇದ್ದೆ.”

“ಯುದ್ಧದಲ್ಲಿ ನೀವೆಲ್ಲಿದ್ರಿ ಚಿಕ್ಕಪ್ಪ?”

“ಪುಣೆ.”

“ಅಲ್ಲಿ ಯಾವ ಯುದ್ಧ ಆಯ್ತು?”

“ಕಂಬಳಿ ಸ್ಟೋರು. ನಾನು ಕಂಬಳಿ ಕಳಿಸದೇ ಇದ್ರೆ ಅಲ್ಲಿ ಯಾರು ಯುದ್ಧ ಮಾಡ್ತಿದ್ರು ಮಾರಾಯ್ತಿ? ಬರಿ!”

ಎರಡು ತಿಂಗಳ ನಂತರ ಉತ್ತರ ಬಂತು: ‘ಪರಿಶೀಲಿಸಲು ಸಾಧ್ಯವಿಲ್ಲ.’ ನಾನು ಒಳಗೊಳಗೇ ಕುಣಿದೆ. ಚಿಕ್ಕಪ್ಪ ಕಾಗದವನ್ನು ಎರಡು ಸಲ ಓದಿ, “ಭೇಷ್! ಸಿಗ್ನಲ್ ಮುಟ್ಟಿದೆ. ಎರಡನೇದು ಬರಿ” ಎಂದರು. ಇಂಥವರ ಕೈಯಲ್ಲಿ ಸೋಲು ಕೂಡ ಎಷ್ಟು ಅವಮಾನ ಪಡಬೇಕು!

ಓದುವ ಕ್ರಮವೂ ಮಿಲಿಟರಿಯದೇ. ಕೂತು ಓದಿದರೆ ರಕ್ತ ಮಂಡಿಗೆ ಇಳಿಯುತ್ತದಂತೆ. ಬೂಟು ಹಾಕಿ, ಪುಸ್ತಕ ಎತ್ತಿ ಹಿಡಿದು, ಕಾಫಿ ಒಣಹಾಕಿದ ಕಣದ ಅಂಚಿನಲ್ಲಿ ಮಾರ್ಚ್ ಮಾಡುತ್ತಾ ಓದುತ್ತಿದ್ದರು. ಅಶೋಕನಿಗೆ ಎಡಗಾಲು, ಕಳಿಂಗಕ್ಕೆ ಬಲಗಾಲು. ಜನವರಿಯ ಒಂದು ಬೆಳಿಗ್ಗೆ ಗುಪ್ತರ ಕಾಲಕ್ಕೆ ಬರುವಷ್ಟರಲ್ಲಿ ಅಂಚು ಮರೆತು, ಹಸಿ ಹಣ್ಣಿನ ರಾಶಿಗೇ ನುಗ್ಗಿಬಿಟ್ಟರು. ಕಣದಲ್ಲಿ ಹಣ್ಣು ಹರಡುತ್ತಿದ್ದ ಹೆಂಗಸೊಬ್ಬಳು ಕೂಗಿದಳು: “ರೈಟ್ರೇ, ಓಡಿ ಬನ್ನಿ! ನಿಮ್ಮ ತಮ್ಮ ಬೂಟಲ್ಲೇ ಹಣ್ಣಿನ ಸಿಪ್ಪೆ ಸುಲಿದು ಪಲ್ಪ್ ಮಾಡ್ತಾ ಇದಾರೆ!” ಗುಪ್ತರ ಸುವರ್ಣಯುಗ ಅಲ್ಲಿಗೆ ಮುಗಿಯಿತು.

ಮೊದಲ ವರ್ಷದ ಪರೀಕ್ಷೆಗೆ ಚಿಕ್ಕಮಗಳೂರಿಗೆ ಹೋದೆವು. ಇಬ್ಬರ ಫಾರಂ ಒಂದೇ ಲಕೋಟೆಯಲ್ಲಿ ಹೋಗಿದ್ದರಿಂದ ನಂಬರುಗಳೂ ಹಿಂದೆಮುಂದೆ. ನನ್ನ ಬೆನ್ನಿಗೇ ಚಿಕ್ಕಪ್ಪ. ಎಳೆ ವಯಸ್ಸಿನ ಮೇಲ್ವಿಚಾರಕರು ಒಳಗೆ ಬಂದದ್ದೇ ತಡ, ಇವರು ಧಡಕ್ಕನೆ ಎದ್ದು ಸೆಲ್ಯೂಟ್ ಹೊಡೆದರು. ಪಾಪ, ಆ ಹುಡುಗನ ಕೈಯಲ್ಲಿದ್ದ ಪ್ರಶ್ನೆಪತ್ರಿಕೆಯ ಕಟ್ಟು ನೆಲಕ್ಕೆ ಬಿತ್ತು.

ಅಕ್ಬರನ ಬಗ್ಗೆ ಹದಿನಾರು ಅಂಕದ ಪ್ರಶ್ನೆಯಿತ್ತು. ನಾನು ಆರು ಪುಟ ಬರೆದೆ. ಚಿಕ್ಕಪ್ಪ ನಾಲ್ಕು ಸಾಲು. ಹೊರಗೆ ಬಂದು ಹೆಮ್ಮೆಯಿಂದ ಒಪ್ಪಿಸಿದರು: “ಒಂದು, ರಾಜ ಒಳ್ಳೆಯವನು. ಎರಡು, ಆಳ್ವಿಕೆ ದೀರ್ಘ. ಮೂರು, ಸಾವುನೋವು ಹೆಚ್ಚು. ನಾಲ್ಕು, ಷರಾ ಏನೂ ಇಲ್ಲ.”

“ಇಷ್ಟಕ್ಕೆ ಹದಿನಾರು ಕೊಡ್ತಾರಾ?”

“ಕರ್ನಲ್ ಸಾಹೇಬ್ರು ಇದಕ್ಕಿಂತ ಉದ್ದದ ರಿಪೋರ್ಟ್ ಓದ್ತಾನೇ ಇರ್ಲಿಲ್ಲ!”

ಮೌಲ್ಯಮಾಪಕರು ಕರ್ನಲ್ ಆಗಿರಲಿಲ್ಲ. ಎರಡು ವರ್ಷಗಳಲ್ಲಿ ಚಿಕ್ಕಪ್ಪ ಪಾಸಾದದ್ದು ಒಂದೇ ವಿಷಯ, ಹಿಂದಿ. ಉಳಿದದ್ದನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡೇ ಮೂರನೆಯ ವರ್ಷಕ್ಕೂ ನುಗ್ಗಿದರು. ನಾನು ಡೈರಿಯಲ್ಲಿ ಬರೆದೆ: ‘ಸೈನ್ಯದವರು ಹಿಮ್ಮೆಟ್ಟುವ ಕಲೆ ಕಲಿಸದೆ ಮನೆಗೆ ಕಳಿಸಿದ್ದಾರೆ.’

ಅಂತಿಮ ಪರೀಕ್ಷೆಗೆ ಮೂರು ವಾರವಿದ್ದಾಗ ಆ ಕಾಗದ ಬಂತು. ಸರ್ಕಾರ ಹೊಸ ನಿಯಮ ಮಾಡಿತ್ತು: ಎಸ್ಸೆಸ್ಸೆಲ್ಸಿ ಆಗಿ ಹದಿನೈದು ವರ್ಷ ಸೈನ್ಯದಲ್ಲಿದ್ದವರನ್ನು ಗುಮಾಸ್ತೆಯಂಥ ನೌಕರಿಗೆ ಪದವೀಧರರ ಸಮಾನವೆಂದು ಪರಿಗಣಿಸಬಹುದು. ಸರ್ಕಾರಕ್ಕೇ ಬರೆದಿದ್ದ ನಮ್ಮ ಇಪ್ಪತ್ಮೂರನೆಯ ಅರ್ಜಿ ಮಾಜಿ ಸೈನಿಕರ ನೇಮಕಾತಿ ಕಚೇರಿಗೆ ಹೋಗಿ ಕೆಲಸ ಮಾಡಿತ್ತು! ಮಂಗಳೂರಿನ ಕಚೇರಿಯೊಂದರಲ್ಲಿ ಗುಮಾಸ್ತೆಯ ಹುದ್ದೆ. ಏಪ್ರಿಲ್ ಹದಿನಾರರೊಳಗೆ ಸೇರದಿದ್ದರೆ ಆದೇಶ ರದ್ದು.

ಏಪ್ರಿಲ್ ಹದಿನಾರು ನನ್ನ ಕೊನೆಯ ಪರೀಕ್ಷೆಯ ದಿನ.

ಅಪ್ಪ ಕಾಗದ ಮಡಚಿ ನನ್ನ ಕಡೆ ನೋಡದೆಯೇ ಹೇಳಿದರು. “ಒಳ್ಳೇದಾಯ್ತು. ಇನ್ನು ನಿಂದೂ ಸಾಕು. ಪುಸ್ತಕ ಕಟ್ಟಿಡು.”

ಆಗ ಚಿಕ್ಕಪ್ಪ ಎದೆ ಸೆಟೆಸಿ ಎದ್ದು ನಿಂತರು. “ಅಣ್ಣ, ಸಮಾನ ಅಂದ್ರೆ ಅಸಲಿ ಅಲ್ಲ. ನಂಗೆ ಅಸಲಿ ಡಿಗ್ರಿನೇ ಬೇಕು. ಪರೀಕ್ಷೆ ಬರೆದೇ ಹೋಗ್ತೀನಿ.”

“ಕೆಲಸ ಕಾಯತ್ತಾ?”

“ಒಂದು ವಾರ ಎಕ್ಸ್‌ಟೆನ್ಷನ್ ಕೇಳಿ ತಗೋತೀನಿ.”

ನೋಡಿ ಈ ಮಹಾಶಯನನ್ನು! ಮೂರು ವರ್ಷ ಅಡ್ಡದಾರಿ ಕೊಡಿ ಎಂದು ಇಡೀ ರಾಜ್ಯದ ಟಪಾಲು ಚೀಲ ತುಂಬಿಸಿದವರು, ದಾರಿ ತೆರೆದ ದಿನ ಬೇಲಿ ಹಾರುತ್ತೇನೆ ಎನ್ನುತ್ತಾರೆ. ‘ಹುಚ್ಚು ಪೂರ್ತಿಯಾಯಿತು’ ಎಂದು ಡೈರಿಯಲ್ಲಿ ಬರೆದುಕೊಂಡೆ. ಕೊನೆಯ ಪರೀಕ್ಷೆಯ ಹಿಂದಿನ ದಿನ ಅರ್ಜಿಗಳ ಪಟ್ಟಿ ತೆಗೆದೆ. ಇಪ್ಪತ್ಮೂರೇ ಇದ್ದವು. ಎಕ್ಸ್‌ಟೆನ್ಷನ್ ಕೇಳಿದ ಅರ್ಜಿ ಎಲ್ಲೂ ಇರಲಿಲ್ಲ.

ಹದಿನಾರನೆಯ ತಾರೀಕು ಚಿಕ್ಕಮಗಳೂರಿನ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. “ಚಿಕ್ಕಪ್ಪ, ಆ ಅರ್ಜಿ ಯಾರು ಬರೆದದ್ದು?”

“ಬಾಯ್ಮಾತಲ್ಲೇ ಆಯ್ತು.”

“ಇಲ್ಲಿಂದ ಮಂಗಳೂರಿಗೆ ಬಾಯ್ಮಾತಾ?”

“ಕ್ಲರ್ಕ್, ಸಂವಿಧಾನ ಓದು. ಇವತ್ತು ಅದೇ ಬರೋದು.”

ಆ ದಿನ ಮೂರು ಗಂಟೆ ನಾನು ತಲೆಯೆತ್ತದೆ ಬರೆದೆ. ಬೆನ್ನ ಹಿಂದೆ ಪೆನ್ನಿನ ಸದ್ದಿಲ್ಲ, ಕಾಗದ ಮಗುಚಿದ ಸದ್ದೂ ಇಲ್ಲ. ಅರ್ಧ ಗಂಟೆಯ ಮೇಲೆ ಚಿಕ್ಕಪ್ಪ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಗಂಟೆ ಹೊಡೆದ ಮೇಲೆ ಹೊರಗೆ ಬಂದು ಕೇಳಿದೆ. “ಏನು ಬರೆದ್ರಿ ಚಿಕ್ಕಪ್ಪ?”

“ಹೆಸರು ಬರೆದೆ. ನಂಬರ್ ಬರೆದೆ.”

“ಆಮೇಲೆ?”

“ಆಮೇಲೆ ನಿನ್ನ ಪೆನ್ನು ಎಲ್ಲಾದ್ರೂ ನಿಲ್ಲತ್ತಾ ಅಂತ ಕೇಳ್ತಾ ಕೂತೆ” ಎಂದರು. “ಒಂದು ಸಲಾನೂ ನಿಲ್ಲಲಿಲ್ಲ ಮಾರಾಯ್ತಿ!”